ಮೂಲ ಭೌತಶಾಸ್ತ್ರ ಮೊದಲೋ, ಕಾರ್ಖಾನೆಯ ಯಂತ್ರ ಮೊದಲೋ?

ಪ್ರಶ್ನೆ: ಪಿಯು ಅಧ್ಯಾಪಕಿ, ಬಸವನಗುಡಿ
ಉಪಯೋಗದ ಯೋಚನೆಯಿಲ್ಲದೆ ನಡೆದ ಮೂಲ ಸಂಶೋಧನೆಯಿಂದಲೇ ಕೈಗಾರಿಕೆ ಬೆಳೆಯಿತು ಎಂಬ ಮಾತು ಎಷ್ಟರ ಮಟ್ಟಿಗೆ ನಿಜ? ನಮ್ಮ ಊರಿನ ಸುತ್ತಲಿನ ಉದಾಹರಣೆಗಳನ್ನೇ ಕೊಟ್ಟು ವಿದ್ಯಾರ್ಥಿಗಳಿಗೆ ವಿವರಿಸಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ವಿದ್ಯುತ್ ಎಂಜಿನಿಯರ್, ಮಲ್ಲೇಶ್ವರ
ಉಗಿ ಯಂತ್ರದ ವಿಷಯದಲ್ಲಿ ಈ ಮಾತು ತಲೆಕೆಳಗು. ಜೇಮ್ಸ್ ವಾಟ್ ತನ್ನ ಸುಧಾರಿತ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1769ರಲ್ಲಿ. ಅಂಥ ಯಂತ್ರದಿಂದ ಗರಿಷ್ಠ ಎಷ್ಟು ಕೆಲಸ ಪಡೆಯಬಹುದೆಂಬ ಪ್ರಶ್ನೆಯನ್ನು ಫ್ರೆಂಚ್ ಎಂಜಿನಿಯರ್ ಕಾರ್ನೋ ಕೈಗೆತ್ತಿಕೊಂಡದ್ದು 1824ರಲ್ಲಿ. ವಿದ್ಯುತ್ತಿನ ಕಥೆ ಹಾಗಲ್ಲ. ಫ್ಯಾರಡೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು (ಬದಲಾಗುವ ಕಾಂತಕ್ಷೇತ್ರ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುವುದನ್ನು) ಕಂಡುಹಿಡಿಯದಿದ್ದರೆ ಜನರೇಟರೂ ಇಲ್ಲ, ಟ್ರಾನ್ಸ್‌ಫಾರ್ಮರೂ ಇಲ್ಲ.

ಶಿವನಸಮುದ್ರವನ್ನೇ ನೋಡಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 150 ಕಿಲೋಮೀಟರ್ ದೂರ, ವಿದ್ಯುತ್ ಹರಿಯಿತು. ತಂತಿಯಲ್ಲಿ ಶಾಖವಾಗಿ ಸೋರುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಜೂಲ್ 1840ರ ದಶಕದ ಆರಂಭದಲ್ಲೇ ತೋರಿಸಿದ್ದ. ಆದ್ದರಿಂದ ಅದೇ ತಂತಿಯಲ್ಲಿ ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಹತ್ತನೇ ಒಂದಕ್ಕೆ, ನಷ್ಟ ನೂರನೇ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ, ಹೈಟೆನ್ಷನ್ ಲೈನ್ ಏಕೆಂದು ಮಕ್ಕಳೇ ಹೇಳುತ್ತಾರೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಅಲ್ಲಿಂದಲೇ ಕರೆಂಟ್ ಬಂತು.

ಉತ್ತರ: ಶೀಟ್ ಮೆಟಲ್ ಘಟಕ, ಪೀಣ್ಯ
ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದನ್ನು ಸೇರಿಸುತ್ತೇನೆ: ಸಿದ್ಧಾಂತದಿಂದ ಯಂತ್ರದವರೆಗಿನ ದಾರಿ ನೇರವಲ್ಲ. ಲೇಸರಿಗೆ ಆಧಾರವಾದ ಪ್ರಚೋದಿತ ಉತ್ಸರ್ಜನೆಯನ್ನು (ಬೆಳಕು ತಾಕಿದಾಗ ಚೈತನ್ಯ ತುಂಬಿದ ಪರಮಾಣು ಅದೇ ಬಗೆಯ ಬೆಳಕನ್ನು ಹೊರಬಿಡುವುದನ್ನು) ಐನ್‌ಸ್ಟೈನ್ 1917ರ ಹೊತ್ತಿಗೇ ವಿವರಿಸಿದ್ದರೂ, ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ನಡುವೆ ಯುದ್ಧಕಾಲದ ರೇಡಾರ್ ತಂತ್ರಜ್ಞಾನ ಕೈಹಿಡಿಯದಿದ್ದರೆ ಇನ್ನೂ ತಡವಾಗುತ್ತಿತ್ತೇನೋ. ಹಳೆಯ ಕಾರ್ಬನ್ ಡೈಆಕ್ಸೈಡ್ ಲೇಸರಿನ ತರಂಗಾಂತರ 10.6 ಮೈಕ್ರೋಮೀಟರ್. ತಾಮ್ರ, ಹಿತ್ತಾಳೆಗಳು ಆ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತವೆ. ಈಗಿನ ಫೈಬರ್ ಲೇಸರಿನ ತರಂಗಾಂತರ ಒಂದು ಮೈಕ್ರೋಮೀಟರಿನ ಆಸುಪಾಸು. ಅದನ್ನು ಲೋಹ ಹೆಚ್ಚು ಹೀರುವುದರಿಂದ ಹಿತ್ತಾಳೆ ಹಾಳೆಯನ್ನೂ ನಾವು ಸಲೀಸಾಗಿ ಕತ್ತರಿಸುತ್ತೇವೆ. ಆಪರೇಟರ್‌ಗೆ ಕ್ವಾಂಟಂ ಸಿದ್ಧಾಂತ ಬೇಕಿಲ್ಲ, ಆದರೆ ಯಂತ್ರ ಕೊಳ್ಳುವವನಿಗೆ ಈ ಎರಡು ಅಂಕಿಗಳು ಗೊತ್ತಿರಲೇಬೇಕು.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಯಶವಂತಪುರ
ಮೇಡಂ, ರಾಮನ್ ಪರಿಣಾಮವನ್ನು ಬಿಡಬೇಡಿ: ವಸ್ತುವಿನಿಂದ ಚದುರುವ ಬೆಳಕಿನ ಒಂದು ಅಲ್ಪ ಪಾಲು ಆ ವಸ್ತುವಿಗೆ ತಕ್ಕಂತೆ ತರಂಗಾಂತರ ಬದಲಿಸುತ್ತದೆ. 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಆ ಚದುರಿದ ಬೆಳಕು ಎಷ್ಟು ಕ್ಷೀಣವೆಂದರೆ, ಲೇಸರ್ ಬರುವವರೆಗೂ ಅದು ಬಹುಮಟ್ಟಿಗೆ ಪ್ರಯೋಗಾಲಯದಲ್ಲೇ ಉಳಿಯಿತು. ಇಂದು ಔಷಧ ಕಾರ್ಖಾನೆಗಳಲ್ಲಿ ಕಚ್ಚಾವಸ್ತುವಿನ ಪಾರದರ್ಶಕ ಚೀಲವನ್ನು ಬಿಚ್ಚದೆಯೇ, ಕೈಯಲ್ಲಿ ಹಿಡಿಯುವ ರಾಮನ್ ಉಪಕರಣದಿಂದ ಒಳಗಿರುವುದು ಏನೆಂದು ಪರೀಕ್ಷಿಸುತ್ತಾರೆ. ಇಲ್ಲಿ ಭೌತಶಾಸ್ತ್ರವೇ ತಂತ್ರಜ್ಞಾನಕ್ಕಾಗಿ ಕಾದಿತ್ತು.