ಬೆಂಬಲ ಮುಗಿದ ಆವೃತ್ತಿಯಲ್ಲಿ ಉಳಿದುಹೋದ ಬಗ್‌ಗಳನ್ನು ಏನು ಮಾಡಬೇಕು?

ಪ್ರಶ್ನೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಂದು ಅಡಿಕೆ ಮಂಡಿಯ ನಾಲ್ಕು ಕಂಪ್ಯೂಟರುಗಳ ಉಸ್ತುವಾರಿ ನನ್ನದು. ನಾಲ್ಕರಲ್ಲೂ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇದೆ. ತೂಕದ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸಿದಾಗ ‘ಬೆಟ್ಟೆ’ (ಅಡಿಕೆಯ ಒಂದು ಬಗೆ) ಎಂಬಲ್ಲಿಯ ಒತ್ತಕ್ಷರವು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಸರಿದು, ಮುಂದಿನ ಕಾಲಮ್ಮಿನ ತೂಕದ ಅಂಕಿಯ ಮೇಲೆ ಬೀಳುತ್ತದೆ. ‘ರಾಶಿ’, ‘ಗೊರಬಲು’ ಎಂಬ ಬೇರೆ ಬಗೆಗಳ ಹೆಸರಿನಲ್ಲಿ ಒತ್ತಿಲ್ಲದ ಕಾರಣ ಅವು ಸರಿಯಾಗಿಯೇ ಬರುತ್ತವೆ. ಕಳೆದ ಮಳೆಗಾಲದಲ್ಲಿ ಇದನ್ನು ಬಗ್ (ತಂತ್ರಾಂಶದ ದೋಷ) ವರದಿಯಾಗಿ ಸಲ್ಲಿಸಿದ್ದೆ. ತಮಗೂ ಹೀಗೆಯೇ ಆಗುತ್ತಿದೆ ಎಂದು ಬೇರೆ ಇಬ್ಬರು ಅದರ ಕೆಳಗೆ ಬರೆದಿದ್ದರು. ಹೋದ ವಾರ, ಆ ಆವೃತ್ತಿಯ ಬೆಂಬಲ ಮುಗಿದಿರುವುದರಿಂದ ವರದಿಯನ್ನು ಮುಚ್ಚಲಾಗಿದೆ ಎಂಬ ಸ್ವಯಂಚಾಲಿತ ಸಂದೇಶ ಬಂದಿದೆ. ದೋಷ ಇದ್ದಲ್ಲಿಯೇ ಇದೆ. ಹೊಸ ವರದಿ ಬರೆಯಬೇಕೇ, ಹಳೆಯದನ್ನೇ ಮತ್ತೆ ತೆರೆಸಬೇಕೇ? ಬೆಳೆಗಾರರು ಚೀಟಿ ಹಿಡಿದು ‘ಇದು ಮೂರೋ ಎಂಟೋ’ ಎಂದು ಕೇಳುವಾಗ ಬಹಳ ಸಂಕಟವಾಗುತ್ತದೆ.

ಉತ್ತರ (ಶಿವಮೊಗ್ಗ)

ತಮ್ಮ ಬೇಸರ ಸಹಜವಾದುದು. ಆದರೆ ಹಾಗೆ ಮುಚ್ಚಿದ ವರದಿಯ ಅರ್ಥ ದೋಷ ಸರಿಹೋಗಿದೆ ಎಂದಲ್ಲ, ದೋಷವೇ ಇರಲಿಲ್ಲ ಎಂದೂ ಅಲ್ಲ. ಆ ಆವೃತ್ತಿಗೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂದಷ್ಟೇ. ಫೆಡೋರಾ ಎಂಬ ಲಿನಕ್ಸ್ ಬಗೆಯನ್ನೇ ನೋಡಿ: ಅಲ್ಲಿ ಒಂದು ಆವೃತ್ತಿಗೆ ಸುಮಾರು 13 ತಿಂಗಳ ಬೆಂಬಲವಿದ್ದು, ಅದರ ನಂತರದ ಎರಡನೆಯ ಆವೃತ್ತಿ ಹೊರಬಂದ ನಾಲ್ಕು ವಾರಗಳಿಗೆ ಅದು ಮುಗಿಯುತ್ತದೆ. 2025ರ ಏಪ್ರಿಲ್ 15ರಂದು 42ನೆಯ ಆವೃತ್ತಿ ಬಂದಿತು, ಮೇ 13ಕ್ಕೆ 40ರ ಬೆಂಬಲ ನಿಂತಿತು. ತೆರೆದಿರುವ ವರದಿಗಳ ಮೇಲೆ ಮೊದಲೇ ಎಚ್ಚರಿಕೆಯ ಸಂದೇಶ ಹಾಕುತ್ತಾರೆ. ದೋಷ ಹೊಸ ಆವೃತ್ತಿಯಲ್ಲಿಯೂ ಇದ್ದರೆ ವರದಿಗಾರರು ಆವೃತ್ತಿಯ ಸಂಖ್ಯೆಯನ್ನು ಬದಲಿಸಿದರಾಯಿತು, ಅದೇ ವರದಿ ಮುಂದುವರಿಯುತ್ತದೆ.

ಆದ್ದರಿಂದ ಹೊಸ ವರದಿ ಬರೆಯುವ ಮೊದಲು, ಈಗ ಬೆಂಬಲವಿರುವ ಆವೃತ್ತಿಯಲ್ಲಿ ದೋಷ ಕಾಣಿಸುತ್ತದೆಯೇ ಎಂದು ನೋಡಿ. ಮಂಡಿಯ ಕಂಪ್ಯೂಟರಿನಲ್ಲಿ ಏನನ್ನೂ ಅಳಿಸಬೇಕಾಗಿಲ್ಲ. ಪೆನ್ ಡ್ರೈವಿನಿಂದಲೇ ನಡೆಯುವ ಲೈವ್ ಆವೃತ್ತಿ ಸಾಕು. ಮಳೆಗೆ ಅಲ್ಲಿ ನೆಟ್‌ವರ್ಕ್ ಕೈಕೊಟ್ಟಿದ್ದರೆ ತಿಳಿಸಿ, ನಾನು ಇಲ್ಲಿಯೇ ಡೌನ್‌ಲೋಡ್ ಮಾಡಿ ಬಸ್ಸಿನಲ್ಲಿ ಕಳುಹಿಸಿಕೊಡುತ್ತೇನೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮಂಡಿಯಲ್ಲಿ ಬಳಸುವ ಫಾಂಟ್ ಕಡತವನ್ನೇ ಲೈವ್ ಆವೃತ್ತಿಗೂ ಹಾಕಿಕೊಳ್ಳಿ. ಇಲ್ಲದಿದ್ದರೆ ಬೇರೆ ಫಾಂಟಿನಲ್ಲಿ ಅಕ್ಷರ ಚೆನ್ನಾಗಿ ಕಂಡು, ದೋಷ ಹೋಯಿತೆಂದು ಮೋಸಹೋಗುತ್ತೇವೆ. ಅದೇ ಚೀಟಿಯನ್ನು ಪಿಡಿಎಫ್ ಆಗಿಯೂ ಉಳಿಸಿ ತೆರೆದು ನೋಡಿ. ಪಿಡಿಎಫ್‌ನಲ್ಲಿಯೇ ಒತ್ತು ಸರಿದಿದ್ದರೆ ತಪ್ಪು ಅಕ್ಷರ ಜೋಡಿಸುವ ಹಂತದ್ದು. ಪಿಡಿಎಫ್ ಸರಿಯಿದ್ದು ಕಾಗದದಲ್ಲಿ ಮಾತ್ರ ಕೆಟ್ಟರೆ ಪ್ರಿಂಟರಿನ ಡ್ರೈವರ್ ಕಡೆ ನೋಡಬೇಕು. ಎರಡನ್ನೂ ನೋಡಿಕೊಳ್ಳುವ ತಂಡಗಳು ಬೇರೆ ಬೇರೆ.

ಉತ್ತರ (ಸಾಗರ)

ಮೇಲಿನವರು ಹೇಳಿದ್ದು ಬಳಕೆದಾರರ ಕೆಲಸ. ನಾನು ಒಂದು ಸಣ್ಣ ಮುಕ್ತ ತಂತ್ರಾಂಶ ಯೋಜನೆಯಲ್ಲಿ ವರದಿಗಳನ್ನು ವಿಂಗಡಿಸುವವನು. ತಂಡದ ಕಡೆಯ ಹೊಣೆಯೂ ಇದೆ ಎಂದು ಬಲವಾಗಿ ನಂಬಿದ್ದೇನೆ. ಉಳಿದ ವರದಿಗಳನ್ನೆಲ್ಲ ಒಂದೇ ಏಟಿಗೆ ಮುಚ್ಚುವ ಮೊದಲು ಭದ್ರತೆಗೆ ಸಂಬಂಧಿಸಿದವನ್ನೂ, ದತ್ತಾಂಶ ಹಾಳುಮಾಡುವಂಥವನ್ನೂ, ಯಾರೋ ಪ್ಯಾಚ್ (ದೋಷ ಸರಿಪಡಿಸುವ ಕೋಡ್) ಬರೆದು ಲಗತ್ತಿಸಿರುವಂಥವನ್ನೂ ಮನುಷ್ಯರೇ ಕೂತು ಓದಬೇಕು. ಪ್ಯಾಚ್ ಸಮೇತ ಮುಚ್ಚಿಹೋದ ವರದಿಯನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬಗೆಯಲ್ಲಿ ಒಂದೇ ವರದಿಗೆ ದೋಷ ಯಾವ ಆವೃತ್ತಿಗಳಲ್ಲಿ ಕಂಡಿದೆ, ಯಾವುದರಲ್ಲಿ ಸರಿಯಾಗಿದೆ ಎಂದು ಬೇರೆ ಬೇರೆಯಾಗಿ ದಾಖಲಿಸಬಹುದು. ಉಬುಂಟು ಎಂಬ ಮತ್ತೊಂದು ಲಿನಕ್ಸ್ ಬಗೆಯವರು ವರದಿಗಳಿಗೆ ಬಳಸುವ ಲಾಂಚ್‌ಪ್ಯಾಡ್ ತಾಣದಲ್ಲಿಯೂ ಹಳೆಯ ಸರಣಿಗೆ (ಆವೃತ್ತಿಗೆ) ಮಾತ್ರ ‘ಸರಿಪಡಿಸುವುದಿಲ್ಲ’ ಎಂದು ಗುರುತು ಹಾಕಿ ಮೂಲ ವರದಿಯನ್ನು ತೆರೆದಿಡಲು ಸಾಧ್ಯವಿದೆ. ಈ ಕ್ರಮ ನನಗೆ ಹೆಚ್ಚು ನ್ಯಾಯವಾಗಿ ತೋರುತ್ತದೆ, ಏಕೆಂದರೆ ಇಬ್ಬರು ಮೂವರು ಕಷ್ಟಪಟ್ಟು ಗಮನಿಸಿ ಬರೆದದ್ದು ಅಲ್ಲಿ ಕಳೆದುಹೋಗುವುದಿಲ್ಲ.

ತಮ್ಮ ವರದಿಯ ಬಗ್ಗೆ ಒಂದು ಮಾತು. ಅದನ್ನು ಓದುವವರಿಗೆ ಕನ್ನಡ ಬಾರದಿರಬಹುದು. ಒತ್ತು ತಪ್ಪಾಗಿ ಕೂತಿದೆ ಎಂಬುದೇ ಅವರ ಕಣ್ಣಿಗೆ ಬೀಳುವುದಿಲ್ಲ. ಕೆಟ್ಟ ಮುದ್ರಣದ ಚಿತ್ರದ ಪಕ್ಕದಲ್ಲಿ ಸರಿಯಾದ ರೂಪದ ಚಿತ್ರವನ್ನೂ ಇಡಿ. ‘ಬೆಟ್ಟೆ’ ಎಂಬುದರಲ್ಲಿ ಬ, ಎತ್ವ, ಟ, ಹಲಂತ, ಟ, ಎತ್ವ ಹೀಗೆ ಆರು ಯೂನಿಕೋಡ್ ಸಂಕೇತಗಳಿವೆ ಎಂದು ಬಿಡಿಸಿ ಬರೆಯಿರಿ. ಇಡೀ ಚೀಟಿಯ ಬದಲು ಆ ಒಂದೇ ಪದವಿರುವ ಕಡತವನ್ನು ಲಗತ್ತಿಸಿ. ಬೆಳೆಗಾರರ ಹೆಸರು, ಲೆಕ್ಕ ಹೊರಗೆ ಹೋಗಬಾರದು.

ಪ್ರಶ್ನೆ ಕೇಳಿದವರು (ತೀರ್ಥಹಳ್ಳಿ)

ಇಬ್ಬರಿಗೂ ಕೃತಜ್ಞತೆಗಳು. ಪೆನ್ ಡ್ರೈವ್ ನಿನ್ನೆ ಸಂಜೆಯ ಬಸ್ಸಿಗೆ ಬಂದು ತಲುಪಿತು. ಮೊದಲ ಸಲ ಫಾಂಟ್ ಹಾಕುವುದನ್ನು ಮರೆತಿದ್ದೆ, ಮುದ್ರಣ ಚೆನ್ನಾಗಿಯೇ ಬಂದಿತು. ನಮ್ಮ ಫಾಂಟ್ ಹಾಕಿದ ಕೂಡಲೇ ಪಿಡಿಎಫ್‌ನಲ್ಲಿಯೇ ಒತ್ತು ಪಕ್ಕಕ್ಕೆ ಸರಿಯಿತು. ಹಳೆಯ ವರದಿಯಲ್ಲಿ ಆವೃತ್ತಿಯನ್ನು ಬದಲಿಸಿ, ಎರಡು ಚಿತ್ರಗಳನ್ನೂ ಆ ಒಂದು ಪದದ ಕಡತವನ್ನೂ ಸೇರಿಸಿ ಮತ್ತೆ ತೆರೆದಿದ್ದೇನೆ. ತಪ್ಪು ಫಾಂಟಿನದೇ ಇರಬಹುದೆಂಬ ಅನುಮಾನವೂ ಬಂದಿರುವುದರಿಂದ, ಅದನ್ನು ರೂಪಿಸಿದವರಿಗೂ ವರದಿಯ ಸಂಖ್ಯೆಯನ್ನು ತಿಳಿಸಿದ್ದೇನೆ. ಸದ್ಯಕ್ಕೆ ಚೀಟಿಯನ್ನು ಬೇರೆ ಫಾಂಟಿನಲ್ಲಿ ಮುದ್ರಿಸುತ್ತಿದ್ದೇವೆ. ಮೊದಲಿನ ಇಬ್ಬರಲ್ಲಿ ಒಬ್ಬರು ತಾವೂ ಪರೀಕ್ಷಿಸುವುದಾಗಿ ಇಂದು ಬೆಳಿಗ್ಗೆ ಉತ್ತರಿಸಿದ್ದಾರೆ.