ವಕೀಲರನ್ನ ಕೇಳಿ: ಕೇಸು ನಡೀತಿರುವಾಗ್ಲೇ ಗಾಯ ಆದವರು ತೀರ್ಕೊಂಡ್ರೆ ಪರಿಹಾರ ಸಿಗಲ್ವಾ?

ಪ್ರಶ್ನೆ: ಮೇಡಂ ನಮಸ್ತೆ, ಗ್ರೂಪಲ್ಲಿ ಮೊದಲನೇ ಸಲ ಕೇಳ್ತಿದೀನಿ, ಸ್ವಲ್ಪ ಉದ್ದ ಇದೆ. ನಮ್ಮ ಭಾವ ಸೆಂಟ್ರಿಂಗ್ ಕೆಲಸ ಮಾಡ್ತಿದ್ರು. 2023ರಲ್ಲಿ ಶಿರಾ ಹತ್ರ ಹೈವೇಲಿ ಬೈಕಲ್ಲಿ ಬರ್ತಿರುವಾಗ ಹಿಂದಿಂದ ಲಾರಿ ಗುದ್ದಿ ತೊಡೆ ಮೂಳೆ ಮುರೀತು, ರಾಡ್ ಹಾಕಿದ್ರು, ಆಗ ಅವರಿಗೆ 44 ವರ್ಷ. ಅದಾದ್ಮೇಲೆ ಮೇಲೆ ಹತ್ತಿ ಕೆಲಸ ಮಾಡೋಕೆ ಆಗ್ಲೇ ಇಲ್ಲ. ಎಂವಿಸಿ ಕೇಸು, ಅಂದ್ರೆ ವಾಹನ ಅಪಘಾತದ ಪರಿಹಾರದ ಕೇಸು ಹಾಕಿದ್ವಿ, ಭಾವಂದು ಚೀಫ್ (ಮೊದಲ ಸಾಕ್ಷಿ ಹೇಳಿಕೆ) ಆಗಿತ್ತು, ಇನ್ಶೂರೆನ್ಸ್ ವಕೀಲರ ಪಾಟಿ ಸವಾಲು ಅರ್ಧ ಆಗಿ ಡೇಟ್ ಹೋಗಿತ್ತು. ಅಷ್ಟರಲ್ಲಿ ಒಂದಿನ ರಾತ್ರಿ ಊಟ ಮಾಡಿ ಮಲಗಿದವರು ಎದೆ ನೋವು ಅಂತ ಎದ್ರು, ಆಸ್ಪತ್ರೆ ಮುಟ್ಟೋಷ್ಟರಲ್ಲಿ ಹೋಗ್ಬಿಟ್ರು. ಪೋಸ್ಟ್‌ಮಾರ್ಟಂ ಮಾಡ್ಸಿಲ್ಲ. 2 ತಿಂಗಳ ಮೇಲಾಯ್ತು. ಊರಲ್ಲಿ ಒಬ್ರು ಹೇಳ್ತಾರೆ ಗಾಯ ಆದೋನೇ ಇಲ್ಲ ಅಂದ್ಮೇಲೆ ಕೇಸೂ ಇಲ್ಲ ಅಂತ, ಇನ್ನೊಬ್ರು ಆಕ್ಸಿಡೆಂಟಿಂದಲೇ ಸತ್ರು ಅಂತ ಬರೆಸಿ ದೊಡ್ಡ ದುಡ್ಡು ಬರುತ್ತೆ ಅಂತಾರೆ. ಫೀಸು ಬಾಕಿ ಇದೆ ಅಂತ ಅಕ್ಕ ಹೆದರ್ಕೊಂಡು ವಕೀಲರಿಗೆ ಇನ್ನೂ ವಿಷಯ ಹೇಳಿಲ್ಲ. ಏನ್ ಮಾಡ್ಬೇಕು ಮೇಡಂ?

ಉತ್ತರ: ಮೊದಲು ನಿಮ್ಮಕ್ಕನಿಗೆ ಹೇಳಿ, ಕೇಸು ಮುಗಿದಿಲ್ಲ. ಆದ್ರೆ ಟೈಮ್ ಇಲ್ಲ. ಕೇಸು ಹಾಕಿದವರು ತೀರ್ಕೊಂಡ್ರೆ ವಾರಸುದಾರರನ್ನ ರೆಕಾರ್ಡಿಗೆ ತರೋ ಅರ್ಜಿನ ಸತ್ತ ದಿನದಿಂದ 90 ದಿನದೊಳಗೆ ಹಾಕ್ಬೇಕು, ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 22 ರೂಲ್ 3 ಅಂತ ಬರುತ್ತೆ, ವಾಹನ ಅಪಘಾತದ ಕೇಸು ನಡೆಸೋ ಟ್ರಿಬ್ಯುನಲ್ಲಲ್ಲೂ ನೀವು ಈ ಲೆಕ್ಕನೇ ಇಟ್ಕೊಂಡು ಓಡಾಡಿ. 90 ದಿನ ದಾಟಿದ್ರೆ ಯಾರೂ ಆರ್ಡರ್ ಮಾಡ್ದೇನೇ ಕೇಸು ತಾನಾಗೇ ಅಬೇಟ್ ಆಗುತ್ತೆ, ಅಂದ್ರೆ ಬಿದ್ದುಹೋಗುತ್ತೆ. ಆಮೇಲೆ ಅದನ್ನ ತೆಗೆಸೋಕೆ ಇನ್ನೊಂದು 60 ದಿನ ಇದೆ, ಅದೂ ಕಳೆದ್ರೆ ತಡ ಆಗಿದ್ದು ಯಾಕೆ ಅಂತ ಅಫಿಡವಿಟ್ ಹಾಕಿ ಲಿಮಿಟೇಶನ್ ಕಾಯ್ದೆ ಸೆಕ್ಷನ್ 5ರಲ್ಲಿ ಕೇಳ್ಕೋಬೇಕು. ದಾರಿ ಇದೆ, ಆದ್ರೆ ಒಂದು ಅರ್ಜಿ ಹೋಗಿ ಮೂರು ಅರ್ಜಿ ಆಗುತ್ತೆ, ಇನ್ಶೂರೆನ್ಸ್ ಕಡೆಯವರು ಪ್ರತಿಯೊಂದಕ್ಕೂ ತಕರಾರು ಹಾಕ್ತಾರೆ, ವರ್ಷ ಕಳೆಯುತ್ತೆ. ಹಾಗಾಗಿ ಇವತ್ತೇ ವಕೀಲರಿಗೆ ಫೋನ್ ಮಾಡಿ. ಫೀಸು ಬಾಕಿ ಇದ್ರೂ ಪರವಾಗಿಲ್ಲ, ಕಕ್ಷಿದಾರರು ತೀರ್ಕೊಂಡಿದ್ದು ಗೊತ್ತಾದ್ರೆ ಕೋರ್ಟಿಗೆ ತಿಳಿಸೋದು ವಕೀಲರ ಕರ್ತವ್ಯ ಅಂತ ಅದೇ ಆರ್ಡರ್ 22ರ 10ಎ ರೂಲ್ ಹೇಳುತ್ತೆ. ಅವರು ಆಗಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತವಾಗಿ ವಕೀಲರನ್ನ ಕೊಡ್ತಾರೆ.

ಇನ್ನು ಊರಲ್ಲಿ ಹೇಳ್ತಿರೋ ಮೊದಲನೇ ಮಾತು ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ಫುಲ್ ಬೆಂಚೇ 1990ರ ಕಣ್ಣಮ್ಮ ಕೇಸಲ್ಲಿ ಹಾಗೆ ಹೇಳಿತ್ತು, ಅಂದ್ರೆ ಗಾಯದ ಕ್ಲೇಮ್ ಹಾಕಿದವರು ಆ ಗಾಯದಿಂದಲ್ಲದೆ ಬೇರೆ ಕಾರಣಕ್ಕೆ ಸತ್ರೆ ಮನೆಯವರು ಆ ಕೇಸನ್ನ ಮುಂದುವರಿಸೋ ಹಾಗಿಲ್ಲ ಅಂತ. ಎಷ್ಟೋ ವರ್ಷ ಇಲ್ಲಿ ಇನ್ಶೂರೆನ್ಸ್ ವಕೀಲರು ಅದನ್ನೇ ತೋರಿಸಿ ಕೇಸು ಮುಗಿಸ್ತಿದ್ರು. ಲಕ್ಷಗಟ್ಟಲೆ ಸಾಲ ಮಾಡಿ ಆಪರೇಶನ್ ಮಾಡ್ಸಿದ ಮನೆಯವರು ಬರಿಗೈಲಿ ವಾಪಸ್ ಹೋಗ್ತಿದ್ರು, ಸಾಲ ಮಾತ್ರ ಹಾಗೇ ಇರ್ತಿತ್ತು. ಇದು ದೊಡ್ಡ ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ, ಯಾಕಂದ್ರೆ ಆಸ್ಪತ್ರೆ ಬಿಲ್ಲು ಕಟ್ಟಿದ್ದು, ಸಂಪಾದನೆ ನಿಂತಿದ್ದು ಎರಡೂ ಇಡೀ ಮನೆಗೆ ಬಿದ್ದ ಪೆಟ್ಟು, ಒಬ್ಬ ಮನುಷ್ಯನ ಜೊತೆ ಹೋಗೋ ಅಂಥದ್ದಲ್ಲ.

ಈಗ ಎರಡು ವಿಷಯ ಬದಲಾಗಿದೆ. 2021ರಲ್ಲಿ ಸುಪ್ರೀಂ ಕೋರ್ಟು ಕಹ್ಲೋನ್ ಅನ್ನೋರ ಕೇಸಲ್ಲಿ, ಗಾಯ ಆದವರು ಬೇರೆ ಕಾರಣಕ್ಕೆ ಸತ್ರೂ ಅವರ ಆಸ್ತಿಗೆ ಆದ ನಷ್ಟ, ಅಂದ್ರೆ ಚಿಕಿತ್ಸೆ ಖರ್ಚು, ಸಂಪಾದನೆ ನಷ್ಟ ಇಂಥದ್ದನ್ನೆಲ್ಲ ವಾರಸುದಾರರು ಕೇಳಬಹುದು ಅಂತ ಹೇಳ್ತು. ಎರಡನೇದು, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು ಸೆಕ್ಷನ್ 166ಕ್ಕೆ 5ನೇ ಉಪಕಲಂ ಸೇರಿಸಿದ್ರು, 2022ರ ಏಪ್ರಿಲ್ 1ರಿಂದ ಜಾರಿಲಿದೆ. ಗಾಯಕ್ಕೆ ಪರಿಹಾರ ಕೇಳೋ ಹಕ್ಕು ಆ ವ್ಯಕ್ತಿ ಸತ್ಮೇಲೆ ವಾರಸುದಾರರಿಗೆ ಬರುತ್ತೆ, ಸಾವಿಗೂ ಗಾಯಕ್ಕೂ ಸಂಬಂಧ ಇರಲಿ ಬಿಡಲಿ, ಅಂತ ಅದರಲ್ಲಿ ನೇರವಾಗೇ ಇದೆ. ನಿಮ್ಮ ಭಾವನ ಆಕ್ಸಿಡೆಂಟು 2023ರದ್ದು, ಹಾಗಾಗಿ ನಿಮಗೆ ಇದು ಗಟ್ಟಿ ನೆಲ. ಹಳೇ ಆಕ್ಸಿಡೆಂಟ್ ಇರೋರು 2021ರ ತೀರ್ಪನ್ನೇ ಹಿಡ್ಕೊಳ್ಳಿ.

ಎರಡನೇ ಮಾತು, ಆಕ್ಸಿಡೆಂಟಿಂದಲೇ ಸತ್ರು ಅಂತ ಬರೆಸೋದು. ದಯವಿಟ್ಟು ಬೇಡ. 2 ವರ್ಷದ ಮೇಲೆ, ಹಾರ್ಟ್ ಅಟ್ಯಾಕು, ಪೋಸ್ಟ್‌ಮಾರ್ಟಂ ಇಲ್ಲ. ಯಾವ ಡಾಕ್ಟ್ರನ್ನ ಕಟಕಟೆಗೆ ಕರ್ಕೊಂಡು ಬಂದು ಹೇಳಿಸ್ತೀರಿ? ಸುಳ್ಳು ಅಂತ ಒಂದು ಸಲ ಬಿದ್ದೋದ್ರೆ ನಿಜವಾಗಿ ಇರೋ ಗಾಯದ ಕ್ಲೇಮನ್ನೂ ಜಡ್ಜು ಅನುಮಾನದಿಂದ ನೋಡ್ತಾರೆ. ನಿಮ್ಮ ಹತ್ರ ನ್ಯಾಯವಾದ ಕೇಸಿದೆ, ಅದನ್ನೇ ನಡೆಸಿ.

ಪ್ರಶ್ನೆ (ಅವರೇ): ತುಂಬಾ ಥ್ಯಾಂಕ್ಸ್ ಮೇಡಂ, ವಕೀಲರಿಗೆ ಫೋನ್ ಮಾಡ್ದೆ, ನಾಳೆ ಬನ್ನಿ ಅಂದ್ರು. ಏನೇನ್ ಪೇಪರ್ ತಗೊಂಡು ಹೋಗ್ಬೇಕು? ಮಗಳಿಗೆ ಮದುವೆಯಾಗಿದೆ, ಮಗ ಪಿಯುಸಿ ಓದ್ತಿದಾನೆ 17 ವರ್ಷ, ಭಾವನ ತಾಯಿನೂ ಇದಾರೆ. ಭಾವನ ಸಾಕ್ಷಿ ಅರ್ಧಕ್ಕೇ ನಿಂತಿದ್ದಕ್ಕೆ ತೊಂದ್ರೆ ಆಗುತ್ತಾ?

ಉತ್ತರ: ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲರ ಆಧಾರು, ಅಕ್ಕಂದು ಬ್ಯಾಂಕ್ ಪಾಸ್‌ಬುಕ್ಕು. ವಂಶವೃಕ್ಷ ಬರೋಕೆ ತಡ ಆಗುತ್ತೆ ಅಂತ ಅರ್ಜಿನೂ ತಡ ಮಾಡ್ಬೇಡಿ, ಮರಣ ಪ್ರಮಾಣ ಪತ್ರ ಇಟ್ಟು ಅರ್ಜಿ ಹಾಕ್ಬಿಟ್ರೆ ಉಳಿದಿದ್ದನ್ನ ಆಮೇಲೆ ಕೊಡಬಹುದು. ಹೆಂಡತಿ, ಮಗಳು, ಮಗ, ತಾಯಿ ನಾಲ್ಕೂ ಜನರ ಹೆಸರು ಹಾಕ್ಸಿ. ಮದುವೆಯಾದ ಮಗಳನ್ನ ಬಿಡೋದು, ಅತ್ತೆ ಜೊತೆ ಮನಸ್ತಾಪ ಅಂತ ಅವರನ್ನ ಬಿಡೋದು, ಇವೆಲ್ಲ ಆಮೇಲೆ ದುಡ್ಡು ಡ್ರಾ ಮಾಡೋ ಹೊತ್ತಲ್ಲಿ ಬಂದು ಕಚ್ಚುತ್ತೆ. ಹಿಂದೂ ಉತ್ತರಾಧಿಕಾರ ಕಾಯ್ದೆಲಿ ತಾಯಿನೂ ಮೊದಲನೇ ದರ್ಜೆ ವಾರಸುದಾರರು, ಮಗಳಿಗೆ ಮದುವೆ ಆಗಿದೆಯೋ ಇಲ್ವೋ ಅನ್ನೋದು ಲೆಕ್ಕಕ್ಕೇ ಇಲ್ಲ. ಮಗನ ಪರವಾಗಿ ಈಗ ಅಕ್ಕ ಗಾರ್ಡಿಯನ್ ಆಗಿ ಸೈನ್ ಮಾಡ್ಲಿ, 18 ತುಂಬಿದ ಮೇಲೆ ಮೇಜರ್ ಆದ ಅಂತ ಅರ್ಜಿ ಕೊಟ್ಟು ಅವನದೇ ವಕಾಲತ್ತು ಹಾಕ್ಸಿ.

ಸಾಕ್ಷಿ ಅರ್ಧಕ್ಕೆ ನಿಂತಿದ್ರೆ ಇನ್ಶೂರೆನ್ಸ್ ಕಡೆಯವರು ಆ ಹೇಳಿಕೆನ ಓದಲೇಬಾರದು ಅಂತ ವಾದ ಮಾಡ್ತಾರೆ, ಅದಕ್ಕೇ ಆ ಹೇಳಿಕೆ ಒಂದನ್ನೇ ನೆಚ್ಕೋಬೇಡಿ. ಅಕ್ಕ ಹೊಸದಾಗಿ ಸಾಕ್ಷಿ ಹೇಳ್ಲಿ. ಆಕ್ಸಿಡೆಂಟ್ ಹೇಗಾಯ್ತು ಅಂತ ಅವರು ಕಣ್ಣಾರೆ ನೋಡಿಲ್ಲ, ಅದಕ್ಕೆ ಎಫ್‌ಐಆರು, ಸ್ಪಾಟ್ ಮಹಜರು, ಚಾರ್ಜ್‌ಶೀಟು ಇದೆ, ಸಾಧ್ಯ ಆದ್ರೆ ಅಲ್ಲಿ ನೋಡಿದವರೊಬ್ಬರನ್ನ ಕರ್ಸಿ. ಗಾಯಕ್ಕೆ ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು. ಆಸ್ಪತ್ರೆಯ ಎಂಆರ್‌ಡಿ (ದಾಖಲೆ ಇಡೋ) ವಿಭಾಗಕ್ಕೆ ಸಮನ್ಸ್ ಕಳಿಸಿ ಕೇಸ್ ಶೀಟು ತರಿಸಿದ್ರೆ ಅಲ್ಲಿ ನರ್ಸ್ ನೋಟ್ಸಿಂದ ಹಿಡಿದು ಆಪರೇಶನ್ ನೋಟ್ಸ್ ತನಕ ಎಲ್ಲ ಇರುತ್ತೆ. ಡಿಸಾಬಿಲಿಟಿ ಎಷ್ಟು ಅಂತ ಡಾಕ್ಟ್ರು ಮೊದಲೇ ನೋಡಿ ಬರೆದಿದ್ರಾ? ಬರೆದಿದ್ರೆ ಅದು ನಿಮಗೆ ಚಿನ್ನ, ಬರೆದಿಲ್ಲ ಅಂದ್ರೆ ಎಕ್ಸ್‌ರೇ ಮತ್ತೆ ಫಾಲೋಅಪ್ ಚೀಟಿಗಳ ಮೇಲೆ ಆಪರೇಶನ್ ಮಾಡಿದ ಡಾಕ್ಟ್ರನ್ನೇ ಕರ್ಸಿ ಹೇಳಿಸ್ಬೇಕು. ಮನೇಲಿ ಹಳೇ ಎಕ್ಸ್‌ರೇ ಫಿಲ್ಮು ಇದ್ರೆ ಬಿಸಾಕ್ಬೇಡಿ.

ಪ್ರಶ್ನೆ (ಇನ್ನೊಬ್ಬರು): ಮಧ್ಯ ಬಂದೆ ಮೇಡಂ, ವ್ಯಕ್ತಿನೇ ಇಲ್ಲ ಅಂದ್ಮೇಲೆ ಮುಂದಿನ ಸಂಪಾದನೆ ನಷ್ಟ ಅಂತ ಹೇಗೆ ಕೊಡ್ತಾರೆ?

ಉತ್ತರ: ಜಗಳ ಇರೋದೇ ಇಲ್ಲಿ. ಅಂದಾಜಿಗೆ ಒಂದು ಲೆಕ್ಕ ನೋಡಿ. ತಿಂಗಳಿಗೆ 15,000 ಸಂಪಾದನೆ, ಕೆಲಸಕ್ಕೆ ಅಡ್ಡಿಯಾಗೋ ಡಿಸಾಬಿಲಿಟಿ 20 ಪರ್ಸೆಂಟು ಅಂತ ಇಟ್ಕೊಳ್ಳಿ. ಸುಪ್ರೀಂ ಕೋರ್ಟಿನ ಸರ್ಲಾ ವರ್ಮಾ ತೀರ್ಪಿನ ಪ್ರಕಾರ 41ರಿಂದ 45 ವಯಸ್ಸಿಗೆ ಮಲ್ಟಿಪ್ಲೈಯರ್, ಅಂದ್ರೆ ವಯಸ್ಸು ನೋಡಿ ಗುಣಿಸೋ ಸಂಖ್ಯೆ, 14. ವರ್ಷಕ್ಕೆ 1,80,000, ಅದನ್ನ 14ರಿಂದ ಗುಣಿಸಿ, ಬಂದಿದ್ದರಲ್ಲಿ 20 ಪರ್ಸೆಂಟ್ ಎಷ್ಟು ಅಂತ ನೋಡಿದ್ರೆ 5,04,000 ಆಗುತ್ತೆ. ಇನ್ಶೂರೆನ್ಸಿನವರು ಹೇಳೋದೇನು, ಮನುಷ್ಯ ಬದುಕಿದ್ದು 2 ವರ್ಷ, 2 ವರ್ಷಕ್ಕೆ ಮಾತ್ರ ಕೊಡಿ ಅಂತ, ಆಗ ಬರೋದು 72,000. ನಿಮ್ಮ ವಕೀಲರು ವಾದ ಮಾಡ್ಬೇಕಾದ್ದು, ಆಕ್ಸಿಡೆಂಟ್ ಆದ ದಿನವೇ ಆ ಸಾಮರ್ಥ್ಯ ಹೋಯ್ತು, ಹಕ್ಕು ಅವತ್ತೇ ಹುಟ್ಟಿದೆ, 166(5)ರಲ್ಲಿ ಆ ಹಕ್ಕೇ ವಾರಸುದಾರರಿಗೆ ಬರುತ್ತೆ ಅಂತ ಇರೋದ್ರಿಂದ ಪೂರ್ತಿ ಲೆಕ್ಕ ಹಾಕಿ ಅಂತ. ಒಪ್ಪೋದು ಬಿಡೋದು ಜಡ್ಜಿಗೆ ಬಿಟ್ಟಿದ್ದು, ಆದ್ರೆ ಕೇಳದೇ ಬಿಟ್ರೆ ಯಾರೂ ಕೊಡಲ್ಲ. ಚಿಕಿತ್ಸೆ ಖರ್ಚು, ಓಡಾಟದ ಖರ್ಚು, ರಜೆಲಿದ್ದ ತಿಂಗಳ ಸಂಬಳ, ಇದಕ್ಕೆಲ್ಲ ಇಷ್ಟು ಗಲಾಟೆ ಇರಲ್ಲ.

ಪ್ರಶ್ನೆ (ಬೇರೆಯವರು): ನಮ್ಮ ತಂದೆಗೆ ಕಾರು ಹೊಡೆದು ಬೆನ್ನುಮೂಳೆ ಏಟಾಗಿ 8 ತಿಂಗಳು ಹಾಸಿಗೆಲಿದ್ರು, ಬೆಡ್ ಸೋರ್ ಆಗಿ ಇನ್ಫೆಕ್ಷನ್ ಆಗಿ ಮನೇಲೇ ತೀರ್ಕೊಂಡ್ರು. ನಾವೂ ಪೋಸ್ಟ್‌ಮಾರ್ಟಂ ಮಾಡ್ಸಿಲ್ಲ, ದೇಹ ಕೊಯ್ಯೋದು ಬೇಡ ಅಂತ ಅಮ್ಮ ಅತ್ರು. ಕೇಸು ಗಾಯದ್ದೇ ಇದೆ.

ಉತ್ತರ: ನಿಮ್ಮದು ಮೇಲಿನವರ ಥರ ಅಲ್ಲ ಸರ್, ಇಲ್ಲಿ ಸಾವಿಗೂ ಗಾಯಕ್ಕೂ ನಂಟಿದೆ. ವಾರಸುದಾರರನ್ನ ತರೋದರ ಜೊತೆಗೆ ಅರ್ಜಿನೇ ತಿದ್ದುಪಡಿ ಮಾಡ್ಸಿ ಸಾವಿನ ಕ್ಲೇಮ್ ಆಗಿ ಬದಲಾಯಿಸ್ಬೇಕು. ಆಗ ಅವಲಂಬಿತರಿಗೆ ಆದ ನಷ್ಟ ಲೆಕ್ಕಕ್ಕೆ ಬರುತ್ತೆ, ಸುಪ್ರೀಂ ಕೋರ್ಟಿನ ಪ್ರಣಯ್ ಸೇಠಿ ತೀರ್ಪಿನಲ್ಲಿ ಹೇಳಿರೋ ಅಂತ್ಯಕ್ರಿಯೆ ಖರ್ಚು, ಸಾಂಗತ್ಯದ ನಷ್ಟ ಎಲ್ಲ ಸೇರುತ್ತೆ. 166(5) ಬಂದಿದೆ ಅಂತ ನಂಟು ತೋರಿಸೋದು ಬೇಡ ಅಂದ್ಕೋಬೇಡಿ, ಅದು ಗಾಯದ ಪರಿಹಾರಕ್ಕೆ ಮಾತ್ರ, ಸಾವಿನ ಪರಿಹಾರ ಬೇಕು ಅಂದ್ರೆ ಈ ಗಾಯದಿಂದಲೇ ಸಾವು ಬಂತು ಅಂತ ನೀವೇ ಸಾಬೀತು ಮಾಡ್ಬೇಕು. ಪೋಸ್ಟ್‌ಮಾರ್ಟಂ ಇಲ್ದಿದ್ರೆ ಕೇಸು ಬಿದ್ದೇ ಹೋಗುತ್ತೆ ಅಂತಲ್ಲ. 8 ತಿಂಗಳಲ್ಲಿ ಎಷ್ಟು ಸಲ ಅಡ್ಮಿಟ್ ಮಾಡಿದ್ರಿ, ಹುಣ್ಣಿಗೆ ಡ್ರೆಸ್ಸಿಂಗ್ ಮಾಡೋಕೆ ಮನೆಗೆ ಬರ್ತಿದ್ದವರು ಯಾರು, ಕ್ಯಾತಿಟರ್ ಬದಲಾಯಿಸಿದ ಚೀಟಿ, ಆ್ಯಂಟಿಬಯಾಟಿಕ್ ಬಿಲ್ಲು, ರಕ್ತ ಪರೀಕ್ಷೆ ರಿಪೋರ್ಟು, ಇವನ್ನ ತಾರೀಕಿನ ಪ್ರಕಾರ ಜೋಡಿಸಿ. ಆಕ್ಸಿಡೆಂಟ್ ದಿನದಿಂದ ಸಾವಿನ ತನಕ ಎಲ್ಲೂ ಕಡಿಯದೆ ಚಿಕಿತ್ಸೆ ನಡೆದಿದೆ ಅಂತ ಕಾಣಿಸಿದ್ರೆ, ಕೊನೆಗೆ ನೋಡಿದ ಡಾಕ್ಟ್ರು ಬಂದು ಹೇಳಿದ್ರೆ ಕೋರ್ಟು ನಂಬುತ್ತೆ.

ಓದ್ತಿರೋ ಎಲ್ಲರಿಗೂ ಒಂದು ಮಾತು. ಆಕ್ಸಿಡೆಂಟಲ್ಲಿ ಪೆಟ್ಟು ತಿಂದವರು ತಿಂಗಳುಗಳ ಮೇಲೆ ಮನೇಲಿ ತೀರ್ಕೊಂಡ್ರೆ, ಮಣ್ಣು ಮಾಡೋ ಮುಂಚೆ ಕೇಸಿರೋ ಪೊಲೀಸ್ ಸ್ಟೇಷನ್ನಿಗೆ ತಿಳಿಸಿ. ಆ ಹೊತ್ತಲ್ಲಿ ಪೋಸ್ಟ್‌ಮಾರ್ಟಂ ಮಾತೆತ್ತೋದು ಎಷ್ಟು ಕಷ್ಟ ಅಂತ ಗೊತ್ತು, ಆದ್ರೆ ಆಮೇಲೆ ಆ ಅಮ್ಮನನ್ನೇ ಕಟಕಟೇಲಿ ನಿಲ್ಲಿಸಿ ಯಾಕೆ ಮಾಡ್ಸಿಲ್ಲ ಅಂತ ಕೇಳ್ತಾರಲ್ಲ, ಅದು ಇನ್ನೂ ಕಷ್ಟ.

ಪ್ರಶ್ನೆ: ನಮ್ಮದು ಉಲ್ಟಾ ಮೇಡಂ. ನನಗೆ ಏಟಾಗಿರೋದು, ಟ್ರಾಕ್ಟರ್ ಓನರ್ ತೀರ್ಕೊಂಡಿದಾರೆ. ಡ್ರೈವರೂ ಇಲ್ಲ ಈಗ.

ಉತ್ತರ: ಗಾಬರಿ ಬೇಡ. ಇನ್ಶೂರೆನ್ಸ್ ಮಾಡಿಸಿದವರು ಸತ್ರೂ ಕ್ಲೇಮು ಅವರ ಆಸ್ತಿ ಮೇಲೆ ಅಥವಾ ಇನ್ಶೂರೆನ್ಸ್ ಕಂಪನಿ ಮೇಲೆ ಉಳಿಯುತ್ತೆ ಅಂತ ಮೋಟಾರು ವಾಹನ ಕಾಯ್ದೆ ಸೆಕ್ಷನ್ 155ರಲ್ಲೇ ಇದೆ. ಪಾಲಿಸಿ ಚಾಲ್ತಿಲಿದ್ರೆ ನಿಮ್ಮ ಕೇಸು ನಡೆಯುತ್ತೆ, ಆದ್ರೂ ಓನರ್ ಮಕ್ಕಳನ್ನ ಪಾರ್ಟಿ ಮಾಡ್ಬಿಡಿ, ಅದಕ್ಕೂ 90 ದಿನದ ಲೆಕ್ಕನೇ. ಪಾಲಿಸಿ ಇರ್ಲಿಲ್ಲ ಅಂದ್ರೆ ಅವರು ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಮಕ್ಕಳು ಜವಾಬ್ದಾರರು, ಸ್ವಂತ ದುಡಿಮೆಯಿಂದ ಕೊಡಿ ಅನ್ನೋಕೆ ಆಗಲ್ಲ, ಅದಕ್ಕೆ ಪಹಣಿ ಈಗ್ಲೇ ತೆಗೆಸಿಟ್ಕೊಳ್ಳಿ. ಡ್ರೈವರ್ ಸತ್ರೆ ಅವರ ಮೇಲಿದ್ದ ಕ್ರಿಮಿನಲ್ ಕೇಸು ಅಲ್ಲಿಗೆ ಮುಗಿಯುತ್ತೆ, ಪರಿಹಾರದ ಕೇಸಿಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ವಾಹನ ಅಲ್ಲದೆ ಬೇರೆ ಏಟಾದ್ರೆ? ನಮ್ಮ ದೊಡ್ಡಪ್ಪ ಪಕ್ಕದ ಬಿಲ್ಡಿಂಗಿನ ಗೋಡೆ ಬಿದ್ದು ಕಾಲು ಮುರ್ಕೊಂಡು ಸಿವಿಲ್ ದಾವೆ ಹಾಕಿದ್ರು, ಈಗ ಶುಗರ್ ಜಾಸ್ತಿಯಾಗಿ ಹೋದ್ರು.

ಉತ್ತರ: ಇಲ್ಲಿ ಸ್ವಲ್ಪ ಬೇಜಾರಿನ ಉತ್ತರ. 166(5) ವಾಹನಕ್ಕೆ ಮಾತ್ರ. ಸಿವಿಲ್ ದಾವೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಸೆಕ್ಷನ್ 306 ಬರುತ್ತೆ, ಮಾನನಷ್ಟ, ಹಲ್ಲೆ, ಸಾವಿಗೆ ಕಾರಣ ಆಗದ ವೈಯಕ್ತಿಕ ಗಾಯ, ಇವುಗಳ ಹಕ್ಕು ವ್ಯಕ್ತಿ ಜೊತೆಗೇ ಹೋಗುತ್ತೆ ಅಂತ. ಕಾಯ್ದೆಲೇ ಒಂದು ಉದಾಹರಣೆ ಇದೆ, ರೈಲು ಡಿಕ್ಕಿಯಾಗಿ ಪ್ರಯಾಣಿಕನಿಗೆ ಜೋರಾಗಿ ಏಟಾಗುತ್ತೆ, ಅದರಿಂದ ಸಾಯಲ್ಲ, ಆಮೇಲೆ ಕೇಸು ಹಾಕದೇ ಸಾಯ್ತಾನೆ, ಹಕ್ಕು ಉಳಿಯಲ್ಲ ಅಂತ. ಇಷ್ಟು ಹಳೇ ನಿಯಮನ ವಾಹನದ ಕೇಸಿಗೆ ತೆಗೆದ ಹಾಗೆ ಉಳಿದವಕ್ಕೂ ತೆಗೀಬೇಕು, ಗೋಡೆ ಬಿದ್ದು ಮುರಿದ ಕಾಲಿಗೂ ಲಾರಿ ಗುದ್ದಿ ಮುರಿದ ಕಾಲಿಗೂ ಮನೆಯವರು ಕಟ್ಟೋ ಬಿಲ್ಲು ಒಂದೇ ಅಲ್ವಾ. ಹಾಗಂತ ಕೈಬಿಡಬೇಡಿ. 1988ರಲ್ಲಿ ಕರ್ನಾಟಕದಿಂದಲೇ ಹೋದ ವೀರಪ್ಪ ಕೇಸಲ್ಲಿ ಸುಪ್ರೀಂ ಕೋರ್ಟು, ಕ್ಲೇಮು ಬರೀ ದೇಹಕ್ಕೆ ಮನಸ್ಸಿಗೆ ಆದ ನೋವಿನದ್ದಾ ಇಲ್ಲ ಆಸ್ತಿಗೆ ಆದ ನಷ್ಟದ್ದಾ ಅಂತ ಬೇರ್ಪಡಿಸಿ ನೋಡ್ಬೇಕು ಅಂದಿದೆ. ನೋವಿನ ಬಾಬ್ತು ಹೋಗಬಹುದು, ಖರ್ಚಾದ ದುಡ್ಡಿನ ಬಾಬ್ತು ಹಿಡ್ಕೊಂಡು ವಾದ ಮಾಡೋಕೆ ಜಾಗ ಇದೆ. ದಾವೆ ಅರ್ಜಿಲಿ ಎರಡನ್ನೂ ಬೇರೆ ಬೇರೆ ಬರೆದಿದಾರಾ ನೋಡಿ.

ಪ್ರಶ್ನೆ: ಮೇಡಂ ಜಡ್ಜ್‌ಮೆಂಟ್ ಆಗಿ ದುಡ್ಡು ಡೆಪಾಸಿಟ್ ಆದ್ಮೇಲೆ ಸತ್ರೆ?

ಉತ್ತರ: ತೀರ್ಪಾದ ಮೇಲೆ ಅದು ಅವರ ಆಸ್ತಿ, ಬ್ಯಾಂಕಲ್ಲಿರೋ ದುಡ್ಡಿನ ಹಾಗೆ ವಾರಸುದಾರರಿಗೆ ಬರುತ್ತೆ. ಹೈಕೋರ್ಟಲ್ಲಿ ಎಂಎಫ್‌ಎ, ಅಂದ್ರೆ ಆ ತೀರ್ಪಿನ ಮೇಲಿನ ಅಪೀಲು ನಡೀತಿದ್ರೆ ಅಲ್ಲೂ ವಾರಸುದಾರರನ್ನ ತರ್ಬೇಕು.

ಪ್ರಶ್ನೆ (ಮೊದಲು ಕೇಳಿದವರು): ಮೇಡಂ ಇನ್ನೊಂದೇ ಒಂದು. ಇನ್ಶೂರೆನ್ಸ್ ಕಡೆಯಿಂದ ಅಂತ ಯಾರೋ ಅಕ್ಕನಿಗೆ ಫೋನ್ ಮಾಡಿ, ಲೋಕ್ ಅದಾಲತ್ತಲ್ಲಿ ಒಂದು ಲಕ್ಷಕ್ಕೆ ಮುಗಿಸಿ, ಇಲ್ಲಾಂದ್ರೆ ಏನೂ ಸಿಗಲ್ಲ ಅಂತಿದಾರೆ.

ಉತ್ತರ: ಅಕ್ಕ ಎಲ್ಲೂ ಸೈನ್ ಮಾಡೋದು ಬೇಡ. ರಾಜಿಯಾಗೋದು ತಪ್ಪಲ್ಲ, ಎಷ್ಟೋ ಸಲ ಅದೇ ಒಳ್ಳೇದು, ಆದ್ರೆ ವಾರಸುದಾರರು ರೆಕಾರ್ಡಿಗೆ ಬಂದ್ಮೇಲೆ, ಬಿಲ್ಲು ಎಲ್ಲ ಕೂಡಿಸಿ ನಮ್ಮ ಲೆಕ್ಕ ಎಷ್ಟು ಅಂತ ಗೊತ್ತಾದ್ಮೇಲೆ. ಅದಾಲತ್ತಲ್ಲಿ ಆದ ರಾಜಿ ಮೇಲೆ ಅಪೀಲು ಇಲ್ಲ. ಮಗ ಇನ್ನೂ ಮೈನರು, ಅವನ ಪಾಲಿನ ರಾಜಿಗೆ ಕೋರ್ಟಿನ ಪರ್ಮಿಶನ್ನೂ ಬೇಕು. ಇನ್ನೊಂದು ಸಲ ಫೋನ್ ಬಂದ್ರೆ ನಮ್ಮ ವಕೀಲರ ಹತ್ರ ಮಾತಾಡಿ ಅಂತ ನಂಬರ್ ಕೊಟ್ಟು ಇಟ್ಬಿಡ್ಲಿ. ನಾಳೆ ಹೋದಾಗ 90ನೇ ದಿನ ಯಾವ ತಾರೀಕಿಗೆ ಬೀಳುತ್ತೆ ಅಂತ ಮೊದಲು ಎಣಿಸ್ಕೊಂಡು ಹೋಗಿ, ಅರ್ಜಿ ಹಾಕಿದ ಮೇಲೆ ಅದರ ಒಂದು ಕಾಪಿನೂ ಕೇಳಿ ತಗೊಳ್ಳಿ.