'ನೈಸ್ ಕ್ವೆಶ್ಚನ್ ಆಫ್ ಲಾ': ಇಲ್ಲಿ 'ನೈಸ್' ಅಂದರೆ ಏನು?

ಪ್ರಶ್ನೆ:
ಹಳೆಯ ಇಂಗ್ಲಿಷ್ ಕಾನೂನು ಬರಹವೊಂದರ ಅನುವಾದ ನಡೆದಿದೆ. 'ಎ ನೈಸ್ ಕ್ವೆಶ್ಚನ್ ಆಫ್ ಲಾ' ಅಂತ ಬಂದಿದೆ. 'ಒಳ್ಳೆಯ ಪ್ರಶ್ನೆ' ಅಂತ ಬರೆದರೆ ಮುಂದಿನ ಮಾತಿಗೆ ಹೊಂದುತ್ತಿಲ್ಲ. ಅಲ್ಲಿ ಎರಡೂ ಕಡೆಯ ವಾದ ಸಮಬಲ ಎಂದಿದೆ. ಈ ಪದದ ಮೂಲವೇನು?

ಉತ್ತರ 1:
'ಒಳ್ಳೆಯ' ಖಂಡಿತ ಬೇಡ. ಇಲ್ಲಿ ಅದು 'ಸೂಕ್ಷ್ಮ, ಸುಲಭಕ್ಕೆ ಬಗೆಹರಿಯದ'. 'ಕಾನೂನಿನ ಸೂಕ್ಷ್ಮ ಪ್ರಶ್ನೆ' ಎಂದರೆ ಸಾಕು. 'ನೈಸ್ ಡಿಸ್ಟಿಂಕ್ಷನ್' ಬಂದರೆ 'ಕೂದಲೆಳೆಯಷ್ಟು ವ್ಯತ್ಯಾಸ' ಚೆನ್ನಾಗಿ ಕೂರುತ್ತದೆ.

ಮೂಲ ಲ್ಯಾಟಿನ್ನಿನ 'ನೆಸ್ಕಿಯುಸ್', ಅಂದರೆ ಅರಿಯದವನು: 'ನೆ' ನಿಷೇಧ, 'ಸ್ಕೀರೆ' ಅರಿಯುವುದು. ಹಳೆಯ ಫ್ರೆಂಚ್ ಮೂಲಕ 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ಅರ್ಥ 'ಪೆದ್ದ'. ಆಮೇಲೆ ಅತಿ ನಾಜೂಕಿನವನು, ಎಲ್ಲದರಲ್ಲೂ ಕೊಂಕು ಹುಡುಕುವವನು ಎಂದಾಯಿತು. ಅಷ್ಟು ನಾಜೂಕಾಗಿ ನೋಡುವವನಿಗೆ ಸಣ್ಣ ವ್ಯತ್ಯಾಸವೂ ಕಾಣುತ್ತದಲ್ಲ, ಹಾಗೆ 16ನೇ ಶತಮಾನದಲ್ಲಿ 'ನಿಖರ, ಸೂಕ್ಷ್ಮ' ಎಂಬ ಅರ್ಥ ಬೆಳೆಯಿತು. 'ಹಿತವಾದ' ಎಂಬುದು 18ನೇ ಶತಮಾನದಲ್ಲಿ ಬಳಕೆಗೆ ಬಂದದ್ದು. 1817ರ ಕೊನೆಗೆ ಪ್ರಕಟವಾದ ಜೇನ್ ಆಸ್ಟೆನ್ ಕಾದಂಬರಿ 'ನಾರ್ಥ್ಯಾಂಗರ್ ಆ್ಯಬಿ'ಯಲ್ಲಿ ಒಂದು ಪಾತ್ರ, ಈ ಪದ ಎಲ್ಲದಕ್ಕೂ ಸಲ್ಲುತ್ತದೆ ಎಂದು ಛೇಡಿಸುತ್ತದೆ.

ಉತ್ತರ 2:
ಒಂದು ಸೇರಿಸುತ್ತೇನೆ. ಅನುವಾದಿಸುವಾಗ ಮೊದಲು ಮುಂದಿನ ನಾಮಪದ ನೋಡಿ. ಪಾಯಿಂಟ್, ಕ್ವೆಶ್ಚನ್, ಡಿಸ್ಟಿಂಕ್ಷನ್, ಬ್ಯಾಲೆನ್ಸ್ ಇದ್ದರೆ 'ಸೂಕ್ಷ್ಮ' ಇರಬಹುದೇ ಎಂದು ಪರೀಕ್ಷಿಸಿ. ವ್ಯಕ್ತಿಯ ಬಗ್ಗೆ 'ಟೂ ನೈಸ್' ಎಂದಿದ್ದರೆ, ಹಳೆಯ ಬರಹವಾದರೆ, ಅದು ಹೊಗಳಿಕೆಯಲ್ಲದೆ ಇರಬಹುದು. ಊಟ, ಬಟ್ಟೆಯ ವಿಷಯದಲ್ಲಿ ಅತಿ ನಾಜೂಕು ಎಂಬ ದೂರು. 'ನೈಸಿಟಿ' ಎಂಬ ನಾಮಪದದಲ್ಲಂತೂ ಸೂಕ್ಷ್ಮದ ಅರ್ಥ ಇಂದಿಗೂ ಜೀವಂತ.

ಈಗಿನ ಮಾತಿನಲ್ಲಿ ಎಡವುವುದು 'ನೈಸ್' ಆದಮೇಲೆ ಬರುವ 'ಟು', 'ಆಫ್', '-ಇಂಗ್'ಗಳಲ್ಲಿ. 'ಶಿ ವಾಸ್ ನೈಸ್ ಟು ಮಿ' ಅಂದರೆ ನನ್ನೊಡನೆ ಚೆನ್ನಾಗಿ ನಡೆದುಕೊಂಡಳು. 'ನೈಸ್ ಆಫ್ ಯು ಟು ಕಮ್' ಅಂದರೆ ಬಂದದ್ದು ನಿಮ್ಮ ದೊಡ್ಡ ಗುಣ. ಮೊದಲ ಭೇಟಿಯಲ್ಲಿ 'ನೈಸ್ ಟು ಮೀಟ್ ಯು', ಹೊರಡುವಾಗ 'ನೈಸ್ ಮೀಟಿಂಗ್ ಯು'.

ಉತ್ತರ 3:
ನಮ್ಮ ಅಡುಗೆಮನೆಯ 'ನೈಸಾಗಿ ರುಬ್ಬಿ'ಯನ್ನು ಇಂಗ್ಲಿಷಿಗೆ ಹಾಗೇ ಒಯ್ಯಬೇಡಿ. 'ನೈಸ್ ಬ್ಯಾಟರ್' ಅಂದರೆ ಅವರಿಗೆ ಚೆನ್ನಾಗಿರುವ ಹಿಟ್ಟು. ನುಣ್ಣಗಿನ ದೋಸೆ ಹಿಟ್ಟಿಗೆ 'ಸ್ಮೂತ್', ಸಣ್ಣಗೆ ಬೀಸಿದ ಪುಡಿಗೆ 'ಫೈನ್' ಸರಿ. 'ನೈಸ್ ಮಾಡಿ ಕೆಲಸ ಮಾಡಿಸಿಕೊಂಡ' ಎನ್ನುವುದೂ ಕನ್ನಡದ್ದೇ ಬಳಕೆ. ಇಂಗ್ಲಿಷಿನಲ್ಲಿ ಅದಕ್ಕೆ 'ಬಟರ್ ಅಪ್'.